ಬೇರಾದ ವರ್ಷ

ಮೃಗಶಿರ ಮಳೆ ಹುಸಿಹೋದ ವಾರ ಪಕ್ಕದ ಮನೆಯ ಶರಣಮ್ಮನವರು ನಮ್ಮ ಜಗಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರು. ಕೈಕೆಲಸ ನಿಲ್ಲಿಸದೆಯೇ ನನ್ನ ಅತ್ತೆಯನ್ನು ಕೇಳಿದರು: "ಈ ಸಲ ನಿಮ್ಮನೇಲಿ ಯಾರು ಬೇರಾಗ್ಬೋದು, ಗುರುಶಾಂತಕ್ಕ?"

ಒಳಗೆ ಅಕ್ಕಿ ಆರಿಸುತ್ತಿದ್ದ ನನಗೆ ಸಿಟ್ಟು ಬಂತು. ಇರುವವರೇ ನಾಲ್ಕು ಜನ. ಅತ್ತೆ, ನನ್ನ ಗಂಡ ಪಂಚಾಕ್ಷರಿ, ನಾನು, ಆರು ವರ್ಷದ ಮಗಳು ನೀಲ. ಈ ಮನೆಯಲ್ಲಿ ಭಾಗ ಕೇಳಿ ಬೇರೆ ಹೋಗುವವರು ಯಾರು? ಅತ್ತೆ ಮಾತ್ರ ಸ್ವಲ್ಪವೂ ಬೇಜಾರು ಮಾಡಿಕೊಳ್ಳದೆ, "ಇನ್ನೂ ತಿಳಿದಿಲ್ಲ ಕಣೆ. ಆರಿದ್ರಾ ನೋಡಾನ," ಅಂದರು. ಇಬ್ಬರೂ ಒಟ್ಟಿಗೆ ಅಂಗಳದ ನೇರಳೆ ಮರದ ಕಡೆ ನೋಡಿದರು. ಅವರು ಮನೆ ಒಡೆಯುವ ಮಾತಾಡುತ್ತಿಲ್ಲ, ಮಣ್ಣಿನೊಳಗಿನ ಬೇರಿನ ಮಾತಾಡುತ್ತಿದ್ದಾರೆ ಎಂದು ನನಗೆ ತಿಳಿಯಲು ಇನ್ನೂ ಇಪ್ಪತ್ತು ದಿನ ಬೇಕಾಯಿತು.

ನಾನು ಆ ಊರಿಗೆ ಬಂದದ್ದು ಹೆಣ್ಣುಮಕ್ಕಳ ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ. ಬಂದ ವರ್ಷವೇ, ಶಾಲೆಯ ಯೂನಿಫಾರಂ ಹೊಲಿಯುತ್ತಿದ್ದ ಪಂಚಾಕ್ಷರಿಯನ್ನು ಮದುವೆಯಾದೆ. ಊರಿಗೆ ಹೊಳೆಯಿಲ್ಲ, ಕೆರೆಯಿಲ್ಲ. ಮನೆಗೊಂದು ಬಾವಿ, ಬಾವಿಯ ಪಕ್ಕ ಒಂದೇ ಒಂದು ಮರ. ಕೆಲವರದು ಬೇಲ, ಕೆಲವರದು ಹಲಸು. ಶರಣಮ್ಮನವರದು ಹುಣಸೆ, ನಮ್ಮದು ನೇರಳೆ. ಮನೆಗೆ ಪಾಯ ತೋಡಿದ ದಿನವೇ ನೆಟ್ಟ ಮರ ಅದು. ಮದುವೆಯಾಗಿ ಹೊಸಿಲು ದಾಟಿದಾಗ ದೀಪ ಹಚ್ಚುವುದಕ್ಕೂ ಮೊದಲು ಅತ್ತೆ ನನ್ನಿಂದ ಅದರ ಬುಡಕ್ಕೆ ಒಂದು ಚೊಂಬು ನೀರು ಹಾಕಿಸಿದ್ದರು. ನಾನು ಬಂದ ಮೇಲೆ ಏಳು ವರ್ಷ ಮಳೆ ತಪ್ಪಿರಲಿಲ್ಲ. ಕೊನೆಯ ಸಲ ತಪ್ಪಿದ್ದು ಪಂಚಾಕ್ಷರಿಗೆ ಎಂಟು ವರ್ಷವಿದ್ದಾಗಲಂತೆ. ಆ ವರ್ಷ ಅವನ ತಂಗಿ ಗಿರಿಜೆ ಜ್ವರ ಬಂದು ತೀರಿಕೊಂಡಿದ್ದಳು. ಅಷ್ಟನ್ನು ಬಿಟ್ಟು ಅವನು ಹೆಚ್ಚು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಆರಿದ್ರಾ ಮಳೆಯೂ ಬರಲಿಲ್ಲ. ಅದು ಮುಗಿದ ಮಾರನೆಯ ಬೆಳಿಗ್ಗೆ ಪಂಚಾಕ್ಷರಿ ಕಾಫಿ ಬಾಯಿಗಿಟ್ಟು, "ಸಕ್ಕರೆ ಮರೆತೆಯಾ?" ಅಂದ. ಹಾಕಿದ್ದೆ. ಇನ್ನೊಂದು ಚಮಚ ಹಾಕಿದೆ. ಅವನು ಕುಡಿದು ನೋಡಿ ಲೋಟ ಕೆಳಗಿಟ್ಟ. ನೀಲ ಬೆಲ್ಲದ ತುಂಡನ್ನು ಬಾಯಿಂದ ಉಗಿದು, "ಅಮ್ಮ, ಇದು ಕಲ್ಲು," ಅಂದಳು. ಅತ್ತೆ ತಾವೂ ಒಂದು ಚೂರು ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು. "ಇಳೀತು," ಅಂದರು. "ಸಿಹಿ ಕೆಳಕ್ಕೆ ಇಳೀತು."

ಎಲ್ಲರ ಮನೆಯಲ್ಲೂ ಅದೇ ಆಗಿತ್ತು. ಊರಿನವರು ಗಾಬರಿಯಾಗಲಿಲ್ಲ ಎನ್ನುವುದೇ ನನಗೆ ಗಾಬರಿ ತಂದದ್ದು. ಸಿಹಿತಿಂಡಿ ಅಂಗಡಿಯವನು ಪಾಕದ ಬಾಣಲೆಯನ್ನು ಬೋರಲು ಹಾಕಿ ಖಾರಾಸೇವೆ ಕರಿಯತೊಡಗಿದ. ಗೊತ್ತಾಗಿದ್ದ ಮದುವೆಗಳನ್ನು ಮುಂದಕ್ಕೆ ಹಾಕಿದರು. ಬಸುರಿಯರ ಕಾಲ ಕೆಳಗೆ ದಿಂಬು ಕೊಟ್ಟು ಮಲಗಿಸಿದರು. ಹಗಲು ಹನ್ನೊಂದರಿಂದ ನಾಲ್ಕರವರೆಗೆ ಊರಿನ ಕಿಟಕಿ ಬಾಗಿಲೆಲ್ಲ ಮುಚ್ಚಿಕೊಂಡವು. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಬೆವರು, ಉಸಿರು ಎಲ್ಲವನ್ನೂ ಒಳಗೇ ಇಟ್ಟುಕೊಂಡವರಂತೆ ಇದ್ದರು. ಖುಷಿಯಾಗಿದ್ದವರು ಒಬ್ಬರೇ, ಶರಣಮ್ಮನವರ ಗಂಡ, ನಮ್ಮ ಹೆಡ್‌ಮಾಸ್ಟರು ಚನ್ನಮಲ್ಲಪ್ಪನವರು. ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ಆ ವಾರ ರಕ್ತ ಪರೀಕ್ಷೆ ಮಾಡಿಸಿ ಚೀಟಿಯನ್ನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸಿದರು. "ನೋಡ್ರಮ್ಮ, ಮೈಯಾಗೆ ಸಕ್ಕರೆ ಅನ್ನೋದೇ ಇಲ್ಲ! ಇನ್ನು ಲಡ್ಡು ತಿಂದರೂ ಕೇಳೋರಿಲ್ಲ, ರುಚಿ ಒಂದು ಗೊತ್ತಾಗಾಕಿಲ್ಲ ಅಷ್ಟೇ." ನಕ್ಕರು. ಅವರ ಕೆನ್ನೆ ಆಗಲೇ ಒಳಸೇರಿತ್ತು.

ಅಂಗಳದಲ್ಲಿ ಬಲಿಯದ ನೇರಳೆ ಕಾಯಿಗಳು ಟಪ್ ಟಪ್ಪೆಂದು ಉದುರುತ್ತಿದ್ದವು. ಗಾಳಿಯಿಲ್ಲದಾಗಲೂ ಉದುರುತ್ತಿದ್ದವು.

ಒಂಬತ್ತನೆಯ ತರಗತಿಗೆ ಆ ವಾರವೇ ಎಲೆಯ ಪಾಠವಿತ್ತು. ನಮ್ಮ ನೇರಳೆ ಮರದಿಂದ ಹಿಂದಿನ ಸಂಜೆ ಕೊಯ್ದಿಟ್ಟಿದ್ದ ಎಲೆಯನ್ನು ಸ್ಪಿರಿಟ್ಟಿನಲ್ಲಿ ಕುದಿಸಿ ಹಸಿರು ತೆಗೆದು, ಬಿಳಿಚಿದ ಎಲೆಯ ಮೇಲೆ ಅಯೋಡಿನ್ ಬಿಟ್ಟೆ. ಪ್ರತಿ ವರ್ಷ ಅದು ಕಪ್ಪುನೀಲಿಗೆ ತಿರುಗುತ್ತದೆ. ಬಿಸಿಲಲ್ಲಿ ಮಾಡಿದ ಸಕ್ಕರೆಯನ್ನು ಎಲೆ ಪಿಷ್ಟವಾಗಿ ಕೂಡಿಟ್ಟಿದೆ ಎಂಬುದಕ್ಕೆ ಅದು ಸಾಕ್ಷಿ. ಈ ವರ್ಷ ಅಯೋಡಿನ್ ತನ್ನ ಕಂದು ಬಣ್ಣದಲ್ಲೇ ನಿಂತಿತು. ಎಲೆ ಬರಿದಾಗಿತ್ತು.

"ನೀರು ಕಡಿಮೆಯಾದಾಗ ಗಿಡ ಎಲೆಯ ಬಾಯಿಗಳನ್ನೆಲ್ಲ ಮುಚ್ಚಿಬಿಡುತ್ತೆ," ಎಂದು ಹೇಳಿಕೊಟ್ಟೆ. "ಕೂಡಿಟ್ಟ ಪಿಷ್ಟವನ್ನು ಮತ್ತೆ ಸಕ್ಕರೆ ಮಾಡಿ ನಾಳಗಳಿಗೆ ತುಂಬಿ ಕೆಳಗೆ ಕಳಿಸುತ್ತೆ. ಬೇರು ಆ ಸಕ್ಕರೆಯಿಂದ ಇನ್ನೂ ಆಳಕ್ಕೆ ಬೆಳೀಬೇಕು, ನೀರು ಹುಡುಕಬೇಕು. ಸಕ್ಕರೆ ತುಂಬಿಕೊಂಡ ಬೇರು ಒಣಮಣ್ಣಿಂದಲೂ ಪಸೆ ಎಳೆದುಕೊಳ್ಳುತ್ತೆ. ಅದಕ್ಕೇ ಮೇಲೆ ಕಾಯಿಗಳಿಗೆ ಹೋಗೋದು ನಿಂತು ಹೋಗುತ್ತೆ."

"ಕಾಯಿ ಏನು ತಪ್ಪು ಮಾಡಿತ್ತು ಟೀಚರ್?" ಎಂದು ಎರಡನೆಯ ಬೆಂಚಿನ ಹಂಪಮ್ಮ ಕೇಳಿದಳು.

"ತಪ್ಪೇನಿಲ್ಲ. ಬೇರು ಉಳಿದರೆ ಮುಂದಿನ ವರ್ಷ ಮತ್ತೆ ಕಾಯಿ ಬಿಡಬಹುದು. ಕಾಯಿ ಉಳಿದು ಬೇರು ಸತ್ತರೆ ಏನೂ ಉಳಿಯೋಲ್ಲ."

ಅವಳು ತಲೆ ತಗ್ಗಿಸಿದಳು. "ನಮ್ಮವ್ವನೂ ಹಂಗೇ ಅಂತಾಳೆ. ಅವಳಿಗೆ ನನಗಿಂತ ಮೊದ್ಲು ಇಬ್ಬರು ಗಂಡು ಹುಡುಗರು ಇದ್ದವಂತೆ. ಹೋದ ಬರದಾಗೆ ಉದುರಿದ್ವಂತೆ."

ನಲವತ್ತು ಹುಡುಗಿಯರಲ್ಲಿ ಯಾರೂ ಆಶ್ಚರ್ಯದಿಂದ ಅವಳ ಕಡೆ ತಿರುಗಲಿಲ್ಲ. ಎಲ್ಲರೂ ನನ್ನ ಪಾದಗಳನ್ನು ನೋಡುತ್ತಿದ್ದರು. ನಾನು ಬಗ್ಗಿ ನೋಡಿದೆ. ಕರಿಹಲಗೆಯ ಕೆಳಗಿನ ಬಿರುಕಿನಿಂದ ಹೊರಟ ಇರುವೆಗಳ ಸಾಲೊಂದು ನೆಲ ದಾಟಿ ನನ್ನ ಎಡ ಹಿಮ್ಮಡಿಯವರೆಗೆ ಬಂದಿತ್ತು. ಕಚ್ಚುತ್ತಿರಲಿಲ್ಲ. ಸುಮ್ಮನೆ ಹಿಮ್ಮಡಿಗೆ ಬಾಯಿ ಹಚ್ಚಿ ನಿಂತಿದ್ದವು.

ಮನೆಗೆ ಬಂದಾಗ ಅತ್ತೆ ನನ್ನ ಕಾಲು ನೋಡಿದರು. ಅವರ ಕೈಯಲ್ಲಿದ್ದ ಮೊರ ಕೆಳಗೆ ಬಿತ್ತು. ಕಂಬಕ್ಕೆ ಒರಗಿ ಕೂತು, "ನೀನಾ?" ಅಂದರು. ಆಮೇಲೆ ನಾನು ಕೇಳದೆಯೇ ಹೇಳಿದರು. ಮಳೆ ತಪ್ಪಿದ ವರ್ಷ ಪ್ರತಿ ಮನೆಯಲ್ಲೂ ಒಬ್ಬರು ಬೇರಾಗುತ್ತಾರೆ. ಯಾರೆಂದು ಆರಿಸುವುದು ಮನುಷ್ಯರ ಕೈಯಲ್ಲಿಲ್ಲ. ಮನೆಯವರೆಲ್ಲರ ಸಿಹಿಯೂ ಆ ಒಬ್ಬರಿಗೆ ಇಳಿಯುತ್ತದೆ.

"ಇಳಿದು ಏನಾಗುತ್ತೆ ಅತ್ತೆ?"

"ಮಳೆ ಬಂದ್ರೆ ಏನೂ ಆಗಲ್ಲ," ಎಂದು ಅವರು ಎದ್ದು ಒಳಗೆ ಹೋದರು.

ನಂಬಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಯಾಕೆಂದರೆ ಆ ವಾರದಿಂದ ನನಗೆ ಎಲ್ಲವೂ ಸಿಹಿಯಾಗತೊಡಗಿತು. ಬರೀ ಅನ್ನ ಸಿಹಿ, ಬಾವಿಯ ತಳದ ಕೆಸರುನೀರು ಸಿಹಿ, ಹಲ್ಲುಜ್ಜುವ ಬೇವಿನ ಕಡ್ಡಿ ಸಿಹಿ. ಕೂದಲು ದಟ್ಟವಾಯಿತು. ಮೊಣಕಾಲಿನ ನೋವು ಹೋಯಿತು. ಹೆರಿಗೆಯಾದ ಮೇಲೆ ಅಂಥ ನಿದ್ದೆ ನಾನು ಮಾಡಿರಲಿಲ್ಲ. ಪಾದಗಳು ಮಾತ್ರ ದಿನದಿನಕ್ಕೆ ಭಾರವಾಗುತ್ತ, ಚಪ್ಪಲಿ ಹಿಡಿಸದಂತಾದವು. ಬರಿಗಾಲಲ್ಲಿ ನಿಂತರೆ ನೆಲದ ಕೆಳಗೆ ಎಲ್ಲಿ ಬಿಸಿ, ಎಲ್ಲಿ ತಂಪು ಎಂದು ಅಂಗಾಲಿಗೆ ತಿಳಿಯುತ್ತಿತ್ತು.

ಪಂಚಾಕ್ಷರಿ ಶನಿವಾರಕ್ಕೊಮ್ಮೆ ನನ್ನ ರವಿಕೆಗಳ ಹೊಲಿಗೆ ಬಿಚ್ಚಿ ಸಡಿಲ ಮಾಡುತ್ತಿದ್ದ. ಕೂತಲ್ಲೇ ನೀಲಳ ಲಂಗವನ್ನು ಬಿಗಿ ಮಾಡುತ್ತಿದ್ದ. ಅವನೂ ಸೊರಗಿದ್ದ, ಅತ್ತೆಯೂ ಸೊರಗಿದ್ದರು. ಆದರೆ ದೊಡ್ಡವರು ಸೊರಗುವುದು ಬೇರೆ, ಮಗು ಸೊರಗುವುದು ಬೇರೆ. ಮೂರನೆಯ ಶನಿವಾರ ಅವನು ಲಂಗವನ್ನು ಕೈಯಲ್ಲಿ ಹಿಡಿದು ಮೆಷಿನ್ನಿನ ಮುಂದೆ ಕೂತ. "ಮಂಗಳ, ಇನ್ನು ಬಿಗಿ ಮಾಡೋಕೆ ಬಟ್ಟೇನೇ ಇಲ್ಲ," ಅಂದ. ನನ್ನ ಮುಖ ನೋಡಲಿಲ್ಲ.

ಮಾರನೆಯ ದಿನ ನೀಲ ಅಂಗಳದಲ್ಲಿ ಬಿದ್ದ ಕಾಯಿಗಳನ್ನು ಆಯುತ್ತಿದ್ದಳು. ಹಾಗೇ ಮುಗ್ಗರಿಸಿ ಬಿದ್ದವಳು ಏಳಲಿಲ್ಲ. ಎತ್ತಿಕೊಂಡೆ. ಒಣಗಿದ ಬಟ್ಟೆಯ ಗಂಟಿನಷ್ಟೂ ಭಾರವಿರಲಿಲ್ಲ.

ಆಸ್ಪತ್ರೆಯ ಡಾಕ್ಟರು ಹೊರಗಿನವರು, ಹೊಸಬರು. ಮಗುವಿನ ರಕ್ತದಲ್ಲಿ ಸಕ್ಕರೆ ತೀರಾ ಇಳಿದಿದೆ ಎಂದು ಕೂಡಲೇ ಗ್ಲೂಕೋಸ್ ಬಾಟಲಿ ಹಾಕಿಸಿದರು. ಪಂಚಾಕ್ಷರಿ ಒಳಗೆ ಅವಳ ಪಕ್ಕದಲ್ಲಿದ್ದ. ನಾನು ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದೆ. ಅರ್ಧ ತೆರೆದ ಬಾಗಿಲಿನಿಂದ ಬಾಟಲಿ ಕಾಣುತ್ತಿತ್ತು. ಒಂದು ಹನಿ ಇಳಿಯಿತು. ನನ್ನ ನಾಲಿಗೆಯ ಬುಡದಲ್ಲಿ ಸಿಹಿಯಾಯಿತು. ಇನ್ನೊಂದು ಹನಿ. ಮತ್ತೆ ಸಿಹಿ. ಭ್ರಮೆ ಎಂದುಕೊಂಡು ಕಣ್ಣು ಮುಚ್ಚಿದೆ. ಕಣ್ಣು ಮುಚ್ಚಿದರೂ ಅದೇ ಗತಿಯಲ್ಲಿ ಹನಿ ಹನಿಯಾಗಿ ಗಂಟಲಿಗೆ ಇಳಿಯುತ್ತಿತ್ತು, ತಣ್ಣಗೆ, ಹಿತವಾಗಿ. ನಾನು ಎದ್ದು ಓಡಬೇಕಿತ್ತು, ಕೂಗಬೇಕಿತ್ತು. ಬೆಂಚಿನ ಅಂಚನ್ನು ಹಿಡಿದು ಕೂತು ನುಂಗುತ್ತಲೇ ಇದ್ದೆ. ಬಾಟಲಿ ಮುಗಿಯುವವರೆಗೂ ನುಂಗಿದೆ. ಡಾಕ್ಟರು ಹೊರಬಂದು, "ಏನೂ ಏರ್ತಾ ಇಲ್ವಲ್ಲಮ್ಮ, ಇನ್ನೊಂದು ಬಾಟಲಿ ಹಾಕೋಣ," ಅಂದಾಗ, "ಬೇಡ ಡಾಕ್ಟ್ರೇ, ಬೇಡ," ಎಂದು ನಾನು ಚೀರಿದ್ದಕ್ಕೆ ಅವರು ಬೆಚ್ಚಿದರು.

ಅವಳನ್ನು ಈ ಊರಿನಿಂದ ದೂರ ಒಯ್ಯಬೇಕು ಎನ್ನುವುದೊಂದೇ ತಲೆಯಲ್ಲಿತ್ತು. ಮನೆಗೂ ಹೋಗದೆ ನೀಲಳನ್ನು ಹೆಗಲಿಗೆ ಹಾಕಿಕೊಂಡು ನನ್ನ ತವರಿನ ಕಡೆ ಹೋಗುವ ಬಸ್ಸು ಹತ್ತಿದೆ. ಪಂಚಾಕ್ಷರಿ ಬಟ್ಟೆ ತರುತ್ತೇನೆ, ನಾಳೆ ಬರುತ್ತೇನೆ ಎಂದು ಕೆಳಗೆ ನಿಂತೇ ಇದ್ದ. ಬಸ್ಸು ಊರ ಕೊನೆಯ ಗಡಿಕಲ್ಲು ದಾಟಿದ್ದೇ ತಡ, ಮಗುವಿನ ಕತ್ತು ನನ್ನ ತೋಳಿನ ಮೇಲೆ ಸೋತು ಬಿತ್ತು. ತುಟಿ ಬೂದಿಬಣ್ಣಕ್ಕೆ ತಿರುಗಿತು. ಉಸಿರು ಎಣಿಸುವಷ್ಟು ನಿಧಾನವಾಯಿತು. ಮರದಿಂದ ಕಿತ್ತ ಎಲೆ ಬಾಡುವುದನ್ನು ನೋಡಿದ್ದೇನೆ. ಅದಕ್ಕೂ ಇಷ್ಟು ಅವಸರವಿರುವುದಿಲ್ಲ.

"ನಿಲ್ಲಿಸಿ!" ಎಂದೆ.

ಬಸ್ಸು ಆಗಲೇ ನಿಂತಿತ್ತು. ಕಂಡಕ್ಟರು ಕೈಯಲ್ಲಿ ಗಂಟೆಯ ಹಗ್ಗ ಹಿಡಿದು ನನ್ನನ್ನೇ ನೋಡುತ್ತಿದ್ದ, ಟಿಕೇಟು ಕೂಡ ಹರಿದಿರಲಿಲ್ಲ. "ಇಲ್ಲೇ ಇಳೀತೀರ ಅಂತ ಗೊತ್ತಿತ್ತು ತಾಯಿ," ಅಂದ. "ಬರದಾಗೆ ನಿಮ್ಮೂರೋರು ಎಲ್ರೂ ಇಲ್ಲೀಗಂಟ ಬಂದು ಇಳೀತಾರೆ. ಬಿರ್ರನೆ ವಾಪಸ್ ನಡೀರಿ. ಕಲ್ಲು ದಾಟಿದ್ರೆ ಉಸಿರು ಬರ್ತದೆ."

ಗಡಿಕಲ್ಲಿನಿಂದ ಒಳಗೆ ಬಂದು ರಸ್ತೆಯ ಮೇಲೇ ಕೂತೆ. ನೀಲ ಕಣ್ಣು ಬಿಟ್ಟಳು. "ಅಮ್ಮ, ನಿನ್ನ ಮೈ ಎಷ್ಟು ಚೆನ್ನಾಗಿ ಘಮ ಅಂತದೆ," ಎಂದು ನನ್ನ ಕತ್ತಿಗೆ ಮೂಗು ಒತ್ತಿದಳು.

ಅತ್ತೆ ಬಾಗಿಲಲ್ಲಿ ಕಾದಿದ್ದರು. ಮಗುವನ್ನು ತೆಗೆದುಕೊಂಡು ಚಾಪೆಯ ಮೇಲೆ ಮಲಗಿಸಿ, ಮಗನನ್ನು ಏನೋ ನೆಪ ಹೇಳಿ ಅಂಗಡಿಗೆ ಕಳಿಸಿ, ನನ್ನ ಎದುರು ಕೂತರು. ಕೂರುವ ಮೊದಲು ಬಾಯಿಯೊಳಗಿನ ಎಲೆಯಡಿಕೆಯನ್ನು ಉಗಿದು ಬಂದಿದ್ದರು. ಅವರು ಎಲೆಯಡಿಕೆ ಉಗಿದು ಮಾತಿಗೆ ಕೂತದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಬೇರಿಗೆ ಸಿಹಿ ಸುಮ್ನೆ ಕೊಡಲ್ಲ ಮಗಾ," ಅಂದರು. "ಬೇರು ಅಂದ್ರೆ ಇಳೀಬೇಕು. ಬಾವಿಗೆ ಇಳಿದು ನೀರು ಕಾಣಗಂಟ ತೋಡಬೇಕು. ನೀರು ಮುಟ್ಟಿದ ದಿನ ಸಿಹಿ ಎಲ್ಲಾರಿಗೂ ತಿರುಗಿ ಬತ್ತದೆ. ನಾನು ಇದನ್ನ ಮೊದಲ ದಿನಾನೇ ಹೇಳಬೇಕಿತ್ತು."

"ಯಾಕೆ ಹೇಳಲಿಲ್ಲ?"

"ಹೇಳಿದ್ರೆ, ನಿನಗೆ ಹೆಂಗೆ ಗೊತ್ತು ಅಂತ ನೀನು ಕೇಳ್ತಿದ್ದೆ. ಹೋದ ಬರದಾಗೆ ಬೇರಾಗಿದ್ದು ನಾನು. ಇರುವೆ ಬರದಂಗೆ ದಿನಾ ಕಾಲಿಗೆ ಸೀಮೆಎಣ್ಣೆ ಹಚ್ಕೊಂಡೆ. ಗಂಡಂಗೂ ಹೇಳಲಿಲ್ಲ. ಬಾವಿ ಅಂದ್ರೆ ಭಯ ಆಗಿತ್ತು ಅಂತ ನನಗೆ ನಾನೇ ಹೇಳ್ಕೊಂಡೆ. ಭಯ ಅಲ್ಲ. ನಾನು ಹುಟ್ಟಿದಾಗಿಂದ ಹೊಟ್ಟೆ ತುಂಬ ಉಂಡಿರಲಿಲ್ಲ, ಮಗಾ. ಆ ಸಿಹಿ ಬಿಡಾಕೆ ನನಗೆ ಮನಸ್ಸಾಗಲಿಲ್ಲ. ನಾಳೆ ಇಳಿಯಾನ, ನಾಳೆ ಇಳಿಯಾನ ಅಂತ ಹನ್ನೊಂದು ದಿನ. ಗಿರಿಜೆ ಹೋದ ಮಾರನೆ ದಿನ ಮಳೆ ಬಂತು."

ಆಸ್ಪತ್ರೆಯ ಬೆಂಚಿನ ಮೇಲೆ ನಾನು ನುಂಗಿದ್ದನ್ನು ಅವರಿಗೆ ಹೇಳಿದೆ. ಬೇರೆ ಯಾರಿಗೂ ಹೇಳಲಾಗುತ್ತಿರಲಿಲ್ಲ. ಅವರು ನನ್ನ ಕೈ ಹಿಡಿದುಕೊಂಡರು. "ಗೊತ್ತು," ಅಂದರು. "ಅದಕ್ಕೇ ಬೆಳಿಗ್ಗೆನೇ ಇಳಿ."

ಬೆಳಗಾಗುತ್ತಲೇ ಪಂಚಾಕ್ಷರಿ ಹಗ್ಗ, ಹಾರೆ, ಮಣ್ಣೆತ್ತುವ ಮಂಕರಿ ಹೊಂದಿಸಿದ. ಬಾವಿ ಹತ್ತಾಳು ಆಳ. ತಳದಲ್ಲಿ ಅಂಗೈಯಷ್ಟು ಕೆಸರು ಉಳಿದಿತ್ತು. ನಾನು ಸೆರಗು ಬಿಗಿದು, ರಾಟೆಯ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡೆ. ಎರಡು ದಿನ ಅಗೆದೆ. ನನ್ನ ತೋಳಿಗೆ ಅಂಥ ಬಲವಿದೆಯೆಂದು ನನಗೇ ಗೊತ್ತಿರಲಿಲ್ಲ. ಬಾವಿಯ ಗೋಡೆಯ ಕಲ್ಲುಗಳ ಸಂದಿಯಿಂದ ನೇರಳೆಯ ಬೇರುಗಳು ಕೂದಲಿನಂತೆ ಇಳಿಬಿದ್ದಿದ್ದವು. ಬೆಳಿಗ್ಗೆ ನನ್ನ ಹಣೆಗೆ ತಾಕುತ್ತಿದ್ದ ಬೇರುಗಳು ಸಂಜೆಗೆ ಭುಜದವರೆಗೆ ಬಂದಿರುತ್ತಿದ್ದವು. ಗೋಡೆಗೆ ಕಿವಿಯಿಟ್ಟರೆ ಧಡ್, ಧಡ್ ಎಂದು ಇನ್ನೊಂದು ಹಾರೆಯ ಸದ್ದು ಕೇಳುತ್ತಿತ್ತು. ಅದು ಪಕ್ಕದ ಮನೆಯಲ್ಲಿ ಬೇರಾದ ಶರಣಮ್ಮನವರದು. ಅದರಾಚೆಗೆ ಇನ್ನೊಂದು, ಅದರಾಚೆಗೂ ಒಂದು. ಊರಿನ ಕೆಳಗೆ ಮನೆಗೊಬ್ಬರು ಕತ್ತಲಲ್ಲಿ ನಿಂತು ಅಗೆಯುತ್ತಿದ್ದರು, ಯಾರೂ ಯಾರನ್ನೂ ಕೂಗುತ್ತಿರಲಿಲ್ಲ.

ಎರಡನೆಯ ಸಂಜೆಗೂ ನೀರು ಸಿಗಲಿಲ್ಲ. ಮೇಲೆ ಬಂದಾಗ ನೀಲ ಮಾತು ನಿಲ್ಲಿಸಿದ್ದಳು. ಅಗೆದಷ್ಟೂ ನನಗೆ ಸಿಹಿ ಬೇಕಾಗುತ್ತಿತ್ತು, ಅದು ಅವಳಿಂದಲೇ ಬರುತ್ತಿತ್ತು. ನಾನು ಅಳುತ್ತ ಕಾಲಿನ ಕೆಸರು ತೊಳೆಯುತ್ತಿದ್ದಾಗ ಅತ್ತೆ ಬಂದು ಬಾವಿಕಟ್ಟೆಯ ಮೇಲೆ ಕೂತರು.

"ನೀನು ಮಕ್ಕಳಿಗೆ ಪಾಠ ಹೇಳ್ತೀಯಲ್ಲ. ಮರದಾಗೆ ಬೇರಿಗೆ ಯಾವ ಎಲೆ ಕೊಡ್ತದೆ? ಎಲ್ಲಾನೂವೆ?"

"ಎಲ್ಲವೂ ಒಂದೇ ಸಮ ಕೊಡೋಲ್ಲ ಅತ್ತೆ. ಮೇಲಿನ ಎಲೆ ಚಿಗುರಿಗೆ ಕೊಡುತ್ತೆ. ಕೆಳಗಿನ ಎಲೆ ಬೇರಿಗೆ ಹತ್ತಿರ, ಬೇರಿಗೆ ಹೆಚ್ಚಾಗಿ ಅದೇ ಕೊಡೋದು. ಬರ ಬಂದ್ರೆ ಮೊದಲು ಹಣ್ಣಾಗೋದೂ ಆ ಹಳೇ ಎಲೇನೇ. ತನ್ನಲ್ಲಿರೋದನ್ನೆಲ್ಲ ಕಳಿಸಿಬಿಟ್ಟು ಆಮೇಲೆ ಉದುರುತ್ತೆ."

"ಹಂಗಾದ್ರೆ ಹತ್ರ ಇರೋದೇ ಮುಖ್ಯ ಅನ್ನು."

"ಹೂಂ," ಎಂದೆ. ನನ್ನ ಗಮನ ಮಗುವಿನ ಉಸಿರಿನ ಮೇಲಿತ್ತು.

ಮೂರನೆಯ ಬೆಳಿಗ್ಗೆ ಅತ್ತೆ ಸ್ನಾನ ಮಾಡಿದವರಂತೆ ಒದ್ದೆ ಬಟ್ಟೆಯಿಂದ ಮೈ ಒರೆಸಿಕೊಂಡು, ವಿಭೂತಿ ಹಚ್ಚಿಕೊಂಡು, ತಮ್ಮ ಚಾಪೆಯನ್ನು ಬಾವಿಕಟ್ಟೆಗೆ ತಾಗಿಸಿ ಹಾಸಿದ್ದರು. ನೀಲಳನ್ನು ಅಟ್ಟದ ಮೇಲೆ, ಮನೆಯಲ್ಲಿ ಎಲ್ಲಕ್ಕಿಂತ ಎತ್ತರದ ಜಾಗದಲ್ಲಿ ಮಲಗಿಸುವಂತೆ ಮಗನಿಗೆ ಹೇಳಿದರು. "ಅಲ್ಲಿ ಗಾಳಿ ಆಡ್ತದೆ," ಅಂದರು. ಹೊಸ ಎಲೆಯಡಿಕೆ ಮಡಚಿ ಬಾಯಿಗಿಟ್ಟುಕೊಂಡರು. ನನ್ನನ್ನು ಕರೆದು ಸೊಂಟದ ಹಗ್ಗದ ಗಂಟನ್ನು ತಾವೇ ಎಳೆದು ನೋಡಿ, "ಇಳಿ," ಅಂದರು.

ಮಧ್ಯಾಹ್ನದ ಹೊತ್ತಿಗೆ ಹಾರೆ ಕಲ್ಲಿಗೆ ತಾಕಿತು. ಅಂಗಾಲಿಗೆ ಕಲ್ಲಿನ ಕೆಳಗಿನ ತಂಪು ಸ್ಪಷ್ಟವಾಗಿ ತಿಳಿಯುತ್ತಿತ್ತು, ಒಂದು ಗೇಣೂ ದೂರವಿರಲಿಲ್ಲ. ಆದರೆ ನನ್ನ ತೋಳು ಸೋತು ಬಂತು. ಗೋಡೆಗೆ ಒರಗಿ ನಿಂತೆ. ಆಗ ಬಾಯಿಯೊಳಗೆ ಸಿಹಿ ಬಂತು, ಒಂದೇ ಸಲಕ್ಕೆ, ಬಾಯಿ ತುಂಬುವಷ್ಟು. ಇಷ್ಟು ದಿನ ಬರುತ್ತಿದ್ದ ಸಿಹಿಯಲ್ಲ ಅದು. ನೀಲಳದು ಹಾಲಿನ ಹಾಗೆ ಎಳಸಾಗಿತ್ತು. ಇದು ಹಳೆಯ ಬೆಲ್ಲದಂತೆ ಗಾಢ, ಕೊನೆಯಲ್ಲಿ ಸಣ್ಣ ಒಗರು. ಅದರ ಹಿಂದೆ ವೀಳ್ಯದೆಲೆಯ ಖಾರ, ಸುಣ್ಣದ ಚುರುಕು.

ನಾನು ಮೇಲೆ ನೋಡಿದೆ. ಬಾವಿಯ ಬಾಯಿ ಬಿಳಿಯ ಬಿಲ್ಲೆಯಂತೆ ಕಾಣುತ್ತಿತ್ತು. ಅದರ ಅಂಚಿನಲ್ಲಿ ಒಂದು ಕೈ ಇಳಿಬಿದ್ದಿತ್ತು, ಬಳೆಯಿಲ್ಲದ ಕೈ. ಪಂಚಾಕ್ಷರಿ ರಾಟೆಯ ಆಚೆ ಬದಿ ಮಣ್ಣಿನ ಮಂಕರಿ ಸುರಿಯುತ್ತಿದ್ದ. ಅವನಿಗೆ ತಾಯಿಯ ಬೆನ್ನಷ್ಟೇ ಕಾಣುತ್ತಿದ್ದಿರಬೇಕು.

ಒಂದು ಕೂಗು ಸಾಕಿತ್ತು. ಕೂಗಿದ್ದರೆ ಅವನು ತಾಯಿಯನ್ನು ಎತ್ತಿ ಒಳಗೆ ಒಯ್ಯುತ್ತಿದ್ದ, ನನ್ನನ್ನು ಮೇಲಕ್ಕೆ ಎಳೆಯುತ್ತಿದ್ದ. ಆಮೇಲೆ ನಾನು ಮತ್ತೆ ಇಳಿಯಬೇಕಾಗುತ್ತಿತ್ತು, ಮತ್ತೆ ಹಾಲಿನ ರುಚಿ ಬರುತ್ತಿತ್ತು. ಇದನ್ನೆಲ್ಲ ನಾನು ಯೋಚಿಸಿ ತೂಗಿದೆನೆಂದು ಹೇಳಿಕೊಳ್ಳಲಾರೆ. ಹಾರೆ ಎತ್ತಿದೆ. ಬಾಯಿ ತುಂಬಿ ಬಂದದ್ದನ್ನು ನುಂಗಿದೆ, ಕಲ್ಲಿಗೆ ಹೊಡೆದೆ. ಮತ್ತೆ ನುಂಗಿದೆ, ಮತ್ತೆ ಹೊಡೆದೆ. ಅಳುತ್ತಿದ್ದೆ, ಕೈ ಮಾತ್ರ ತಪ್ಪಲಿಲ್ಲ. ಎಷ್ಟು ಹೊತ್ತೋ ತಿಳಿಯದು. ಬರುಬರುತ್ತ ಸಿಹಿ ತೆಳ್ಳಗಾಯಿತು. ಸುಣ್ಣದ ಚುರುಕೊಂದೇ ಉಳಿದಾಗ ಕಲ್ಲು ಬಿರಿಯಿತು. ಬಿರುಕಿನಿಂದ ತಣ್ಣನೆಯ ನೀರು ನನ್ನ ಬೆರಳ ಸಂದಿಗೆ ಬಂತು.

ಆ ಕ್ಷಣಕ್ಕೆ ನನ್ನ ಮೈಯೆಲ್ಲ ಬರಿದಾಯಿತು. ನೀರಿನಲ್ಲೇ ಕೂತೆ. ಗೋಡೆಯಲ್ಲಿ ಇಳಿಬಿದ್ದಿದ್ದ ಬೇರುಗಳೆಲ್ಲ ನನ್ನ ತಲೆಯ ಮೇಲಿಂದ ನೀರಿನ ಕಡೆ ನಿಧಾನವಾಗಿ ಚಾಚಿಕೊಂಡವು. ಅಟ್ಟದಿಂದ ನೀಲ "ಅಪ್ಪಾ, ಹಸಿವು" ಎಂದು ಕೂಗಿದ್ದು ಬಾವಿಯ ತಳದವರೆಗೂ ಕೇಳಿಸಿತು.

ಪಂಚಾಕ್ಷರಿ ನನ್ನನ್ನು ಬಾವಿಯ ಅಂಚಿಗೆ ಎಳೆದುಕೊಂಡವನೇ, ಮಗಳ ದನಿ ಕೇಳಿ ಅಟ್ಟದ ಏಣಿಯ ಕಡೆ ಓಡಿದ. ನಾನು ಕಟ್ಟೆ ಹತ್ತಿ ಅತ್ತೆಯ ಪಕ್ಕ ಬಿದ್ದುಕೊಂಡೆ. ಅವರ ಮುಖ, ಕತ್ತು, ಕೈ ಎಲ್ಲ ಹಳದಿಗೆ ತಿರುಗಿದ್ದವು. ಕಾಯಿಲೆಯ ಹಳದಿಯಂತಿರಲಿಲ್ಲ, ಹಣ್ಣೆಲೆಯದಂತೆ ಶುಭ್ರವಾಗಿತ್ತು, ಬಿಸಿಲು ಆಚೆಯಿಂದ ಬರುತ್ತಿದೆಯೇನೋ ಎನ್ನುವಷ್ಟು ಚರ್ಮ ತೆಳ್ಳಗಾಗಿತ್ತು. ಕಣ್ಣು ತೆರೆದೇ ಇತ್ತು.

"ಸಿಗ್ತಾ?"

"ಸಿಕ್ತು ಅತ್ತೆ."

ಬೊಗಸೆಯಲ್ಲಿ ತಂದಿದ್ದ ನೀರು ಬೆರಳ ಸಂದಿಯಲ್ಲಿ ಸೋರಿಹೋಗಿತ್ತು. ಒದ್ದೆ ಬೆರಳಿಂದಲೇ ಅವರ ತುಟಿ ಒರೆಸಿದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ನಿನಗೆ ಗೊತ್ತಾಯ್ತಾ? ಕೆಳಗೆ?"

ಸುಳ್ಳು ಹೇಳಲು ಆಗಲಿಲ್ಲ. "ಗೊತ್ತಾಯ್ತು."

"ಆದ್ರೂ ಕೂಗಲಿಲ್ಲ."

"ಇಲ್ಲ."

"ಒಳ್ಳೇದು ಮಾಡ್ದೆ," ಅಂದರು. ಸ್ವಲ್ಪ ಉಸಿರು ಕೂಡಿಸಿಕೊಂಡು, "ಕೂಗಿದ್ರೆ ನಾನು ಎದ್ದು ಹೋಗಿಬಿಡ್ತಿದ್ನೇನೋ. ನನ್ನ ಮೇಲೆ ನನಗೇ ನಂಬಿಕೆ ಇರಲಿಲ್ಲ ಮಗಾ," ಎಂದರು. ಆಮೇಲೆ ಮಾತಾಡಲಿಲ್ಲ. ಪಂಚಾಕ್ಷರಿ ಮಗಳನ್ನು ಎತ್ತಿಕೊಂಡು ಏಣಿ ಇಳಿಯುವಷ್ಟರಲ್ಲಿ ಅವರ ಕೈ ನನ್ನ ಕೈಯಲ್ಲಿ ತಣ್ಣಗಾಗಿತ್ತು.

ಊರಿನ ಪದ್ಧತಿಯಂತೆ ಕೂರಿಸಿ ಮಣ್ಣು ಮಾಡಿದೆವು. ಎತ್ತಿಕೊಂಡು ಹೋಗಲು ನಾಲ್ವರು ಬಂದಿದ್ದರು, ಇಬ್ಬರೇ ಸಾಕಾಯಿತು. ಚನ್ನಮಲ್ಲಪ್ಪನವರು ಕೋಲೂರಿಕೊಂಡು ಗುಂಡಿಯವರೆಗೂ ಬಂದರು. ಶರಣಮ್ಮನವರು ಬಾವಿಯಿಂದ ಹತ್ತಿ ಬಂದ ಕೆಸರು ಕಾಲಲ್ಲೇ ಬಂದು ಹಿಡಿ ಮಣ್ಣು ಹಾಕಿದರು. ಅವರ ಬಾವಿಯಲ್ಲಿ ಇನ್ನೂ ನೀರು ಬಂದಿರಲಿಲ್ಲ. ಮಣ್ಣು ಹಾಕಿದ ಮೇಲೆ ತಿರುಗಿ ಅಗೆಯಲು ಹೋದರು.

ಮಳೆ ಬಂದದ್ದು ಪುಷ್ಯದಲ್ಲಿ. ಅಷ್ಟರಲ್ಲಿ ನೀಲ ಅಂಗಳದಲ್ಲಿ ಓಡಾಡುವಷ್ಟಾಗಿದ್ದಳು. ಮಳೆ ನೋಡುತ್ತ ಜಗಲಿಯಲ್ಲಿ ಕೂತಿದ್ದಾಗ ಪಂಚಾಕ್ಷರಿ ಕೇಳಿದ: "ನಾನು ಅಟ್ಟದ ಮೇಲಿದ್ದೆ. ಅವ್ವ ಕೊನೆಗೆ ಏನಾದರೂ ಅಂದಳಾ?"

"ನೀರು ಸಿಗ್ತಾ ಅಂತ ಕೇಳಿದ್ರು."

"ಅಷ್ಟೇನಾ?"

"ಅಷ್ಟೇ," ಎಂದೆ.